ಕಾಲು ಒಣಗಿಸುತ್ತಿದ್ದ ಸೈನಿಕ

ಆಕೆ ನನ್ನ ಮೇಜಿನ ಮೇಲೆ ಇಟ್ಟ ಚೌಕಟ್ಟಿನಲ್ಲಿ ಚಿತ್ರವೇ ಇರಲಿಲ್ಲ. ಗಾಜು ಇತ್ತು, ಗಾಜಿನ ಹಿಂದೆ ಚಿತ್ರದ ಸುತ್ತ ಕೂರಿಸುವ ಅಗಲ ಅಂಚಿನ ರಟ್ಟು, ಮೌಂಟ್‌ಬೋರ್ಡು, ಇತ್ತು, ಅದರ ನಡುವೆ ಚಹಾ ಚೆಲ್ಲಿದಂಥ ಬಣ್ಣಕ್ಕೆ ತಿರುಗಿದ ಹಾಳೆಯೊಂದಿತ್ತು. ಚೌಕಟ್ಟನ್ನು ಕಿಟಕಿಯ ಕಡೆ ವಾಲಿಸಿ, ತಿರುಗಿಸಿ ನೋಡಿದೆ. ಒಂದೆರಡು ಕಂದು ಗೆರೆಗಳು ಕಂಡಂತಾಗಿ ಮತ್ತೆ ಹಾಳೆಯೊಳಗೇ ಇಂಗಿಹೋದವು.

"ಇದರಲ್ಲಿ ನನ್ನ ಅಣ್ಣ ಇದ್ದಾನೆ," ಎಂದರು ಆಕೆ. ಸ್ವಲ್ಪ ತಡೆದು, "ಇದ್ದ," ಎಂದು ತಿದ್ದಿಕೊಂಡರು.

ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಗೋದಾಮೊಂದರ ಎರಡನೇ ಮಹಡಿಯಲ್ಲಿ ನಮ್ಮ ಸ್ಟುಡಿಯೋ ಇತ್ತು. ಹಳೆಯ ನಕ್ಷೆ, ಮುದ್ರಿತ ಚಿತ್ರ, ರೇಖಾಚಿತ್ರಗಳನ್ನು ತೊಳೆದು, ಹರಿದದ್ದನ್ನು ಅಂಟಿಸಿ, ಉಳಿಸಿಕೊಡುವುದು ನಮ್ಮ ಕೆಲಸ. ಒಡತಿಯೂ ನಾನೂ ಇಬ್ಬರೇ. ಊರಿನಲ್ಲಿ ಇಂಟರ್‌ನೆಟ್ ಕಂಪನಿಗಳ ಭರಾಟೆ ಇನ್ನೂ ಮುಗಿದಿರಲಿಲ್ಲ. ಕೆಳಗಿನ ಮುದ್ರಣಾಲಯ ಆಗಲೇ ಜಾಗ ಬಿಟ್ಟಿತ್ತು, ಮೇಲಿನ ಮಹಡಿಗೆ ಅಂಥದೊಂದು ಕಂಪನಿ ಬಂದಿತ್ತು, ನಮ್ಮ ಮಹಡಿಯೂ ಅವರಿಗೇ ಬೇಕಾಗಿತ್ತು. ಕರಾರು ಮುಂದುವರಿಸುವುದಿಲ್ಲ ಎಂದು ಕಟ್ಟಡದ ಮಾಲೀಕ ಹೇಳಿಯಾಗಿತ್ತು. ಕೈಯಲ್ಲಿರುವುದನ್ನು ಮುಗಿಸಿ ಹಿಂದಿರುಗಿಸಬೇಕು, ಹೊಸ ಕೆಲಸ ಹಿಡಿಯಬಾರದು ಎಂದು ಒಡತಿ ನನಗೆ ಎಚ್ಚರಿಸಿದ್ದಳು. ಇದು ಹೊಸ ಕೆಲಸ. ಆದರೂ "ನೋಡಿ ಹೇಳ್ತೀನಿ, ಅಷ್ಟೇ" ಎಂದು ಚೌಕಟ್ಟನ್ನು ಇಟ್ಟುಕೊಂಡೆ.

ಆಕೆ ಹತ್ತಿರದ ಸ್ಯಾನ್ ಮಟಿಯೋದ ಅಮೆರಿಕನ್ ಹೆಂಗಸು, ಐವತ್ತರ ಆಸುಪಾಸು. ಅಣ್ಣ ವಿಯೆಟ್ನಾಂ ಯುದ್ಧಕ್ಕೆ ಹೋದಾಗ ಶಾಲೆಯಲ್ಲಿದ್ದರಂತೆ. ಸೈನಿಕರ ದಿನನಿತ್ಯದ ಬದುಕನ್ನು ಬಿಡಿಸಲೆಂದೇ ಸೈನ್ಯ ಆಗ ಕೆಲವು ಚಿತ್ರಕಾರರನ್ನು ನೇಮಿಸಿ ಯುದ್ಧಭೂಮಿಗೆ ಕಳಿಸುತ್ತಿತ್ತು. ಅವರಲ್ಲೊಬ್ಬ ಅಣ್ಣನ ತುಕಡಿಯ ಜತೆ ಕೆಲವು ದಿನ ಇದ್ದು ಚಿತ್ರ ಬಿಡಿಸಿದ, ಈ ಒಂದು ಹಾಳೆಯನ್ನು ಅಣ್ಣನಿಗೇ ಕೊಟ್ಟುಬಿಟ್ಟ. ಅಣ್ಣ ಅದನ್ನು ಮಡಚದೆ, ಎರಡು ರಟ್ಟಿನ ನಡುವೆ ಇಟ್ಟು ತಾಯಿಗೆ ಅಂಚೆಯಲ್ಲಿ ಕಳಿಸಿದ. ಹಾಳೆ ಮನೆಗೆ ಬಂತು, ಅವನು ಬರಲಿಲ್ಲ.

"ಏನಿತ್ತು ಚಿತ್ರದಲ್ಲಿ?" ಎಂದು ಕೇಳಿದೆ.

"ಮದ್ದುಗುಂಡಿನ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಕೂತಿದ್ದಾನೆ. ಬೂಟು ಕಳಚಿದಾನೆ. ಒದ್ದೆ ಕಾಲುಚೀಲ ಹಿಂಡ್ತಾ, ಕಾಲು ಬಿಸಿಲಿಗೆ ಚಾಚಿದಾನೆ. ಅಷ್ಟೇ. ಬಂದೂಕು ಕೂಡ ಇಲ್ಲ."

ಮನೆಯ ಮುಂಕೋಣೆಯಲ್ಲಿ, ದೊಡ್ಡ ಕಿಟಕಿಯ ಎದುರಿನ ಗೋಡೆಗೆ ತಾಯಿ ಅದನ್ನು ತೂಗುಹಾಕಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಅದು ಅಲ್ಲೇ ಇತ್ತು. ದಿನವೂ ನೋಡುವ ವಸ್ತು ದಿನಕ್ಕಿಷ್ಟು ಕರಗಿದರೆ ಯಾರಿಗೂ ಗೊತ್ತಾಗುವುದಿಲ್ಲ. ತಾಯಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಂಜು ಮಂಜಾಗಿ ಕಾಣುತ್ತಿದ್ದರೂ ಚಿತ್ರ ಅಲ್ಲಿದೆ ಎಂದೇ ನಂಬಿ ನೋಡುತ್ತಿದ್ದರು. ಈ ವರ್ಷ ಪೊರೆ ತೆಗೆಸಿದರು. ಆಸ್ಪತ್ರೆಯಿಂದ ಮನೆಗೆ ಬಂದು, ಕನ್ನಡಕ ಹಾಕಿಕೊಂಡು ಗೋಡೆ ನೋಡಿದರು. ಖಾಲಿ ಹಾಳೆ.

"ನಾನು ಮಾರಿಕೊಂಡೆ ಅಂತಾರೆ ಅಮ್ಮ," ಎಂದರು ಆಕೆ. "ಯುದ್ಧದ ಚಿತ್ರ ಕೊಳ್ಳೋನು ಒಬ್ಬ ಹಿಂದೆ ಮನೆಗೆ ಫೋನ್ ಮಾಡಿದ್ದ. ಬೇಡ ಅಂದೆ. ಆದರೆ ಅವರ ಎದುರೇ ಮಾತಾಡಿದ್ದೆ. ಈಗ ನನ್ನ ಕಣ್ಣಿಲ್ಲದ ಹೊತ್ತು ನೋಡಿ ಬದಲಾಯಿಸಿದೀಯ, ಖಾಲಿ ಕಾಗದ ಇಟ್ಟಿದೀಯ ಅಂತಾರೆ. ನನ್ನ ಜತೆ ಮಾತು ಬಿಟ್ಟಿದಾರೆ. ಅದೇ ಮನೇಲಿ ಇರ್ತೀನಿ, ಅಡುಗೆ ಮಾಡಿ ಇಡ್ತೀನಿ. ಒಂದು ಮಾತಿಲ್ಲ."

ಹಾಳೆ ಮಾಸಿದ್ದು ಬಿಸಿಲಿನಿಂದ ಎಂದು ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಅದನ್ನೇ ಹೇಳಿ, ಕಿಟಕಿಗೆ ಪರದೆ ಇರಲಿಲ್ಲವೇ ಎಂದು ಕೇಳಿದೆ.

"ಇದೆ. ಹಗಲಲ್ಲಿ ಅದನ್ನ ಎಳೆಯೋಕೆ ಅಮ್ಮ ಯಾವತ್ತೂ ಬಿಟ್ಟವರಲ್ಲ." ಬಾಗಿಲ ತನಕ ಹೋದವರು ಮತ್ತೆ ತಿರುಗಿ ಬಂದರು. "ಒಂದು ಕೇಳ್ಕೋತೀನಿ. ಬಿಸಿಲಿನಿಂದ ಹೀಗಾಯ್ತು ಅಂತ ಅವರಿಗೆ ಹೇಳಬೇಡಿ. ನನ್ನನ್ನ ಕಳ್ಳಿ ಅಂದುಕೊಂಡರೂ ಸರಿ."

ಮಾರನೆಯ ದಿನ ಚೌಕಟ್ಟು ಬಿಚ್ಚಿದೆ. ಹಿಂದಿನ ಮೊಳೆಗಳನ್ನು ಕಿತ್ತು, ಗಾಜು ಎತ್ತಿ, ಮೌಂಟ್‌ಬೋರ್ಡಿನ ಅಡಿಗೆ ತೆಳುವಾದ ಅಲಗನ್ನು ಜಾರಿಸಿ ಹಾಳೆಯನ್ನು ಬಿಡಿಸಿಕೊಂಡೆ. ಕೆಳಗಿನ ಅಂಚಿನಲ್ಲಿ ಬೋರ್ಡು ಮುಚ್ಚಿಕೊಂಡಿದ್ದ ಸಣ್ಣ ಪಟ್ಟಿಯೊಂದು ಹೊರಗೆ ಬಂತು. ಅದರಲ್ಲಿ ಒಂದು ಬೂಟಿನ ತುದಿ, ಚಿತ್ರಕಾರನ ಸಹಿಯ ಬಾಲ. ಎರಡೂ ಗಾಢವಾದ ನೀಲಿನೇರಳೆ ಬಣ್ಣದಲ್ಲಿ, ನಿನ್ನೆ ಬಿಡಿಸಿದಷ್ಟು ಹಸಿಯಾಗಿದ್ದವು. ಬೂಟಿನ ಗೆರೆ ಮೇಲಕ್ಕೆ ಹೋಗುತ್ತ ಬೋರ್ಡಿನ ಅಂಚು ಇದ್ದ ಜಾಗಕ್ಕೆ ಬಂದು ಕತ್ತರಿಸಿದಂತೆ ನಿಂತುಹೋಗಿತ್ತು. ಇಡೀ ಚಿತ್ರ ಒಮ್ಮೆ ಈ ಬಣ್ಣದಲ್ಲಿತ್ತು.

ಗೆರೆ ಸ್ಕೆಚ್ ಪೆನ್ನಿನದು. ಸೂಕ್ಷ್ಮದರ್ಶಕದ ಕೆಳಗೆ ಹಿಡಿದರೆ ಶಾಯಿ ಕಾಗದದ ನೂಲಿನಂಥ ಎಳೆಗಳ ಉದ್ದಕ್ಕೂ ಹಬ್ಬಿದ್ದು ಕಾಣುತ್ತಿತ್ತು. ಆ ಕಾಲದ ಸ್ಕೆಚ್ ಪೆನ್ನಿನ ಬಣ್ಣಕ್ಕೆ ಬೆಳಕನ್ನು ತಡೆಯುವ ಶಕ್ತಿ ಇಲ್ಲ. ಬೆಳಕು ಬಣ್ಣವನ್ನು ಒಡೆದುಹಾಕುತ್ತದೆ, ಒಡೆದದ್ದನ್ನು ಮತ್ತೆ ಕೂಡಿಸಲಾಗುವುದಿಲ್ಲ. ಉಳಿದದ್ದು ಹಾಳೆಯ ಹಳದಿ. ಅದನ್ನಾದರೂ ತೊಳೆದು ತಿಳಿಮಾಡಿದರೆ ಉಳಿದ ಕಂದು ನೆರಳು ಸ್ವಲ್ಪ ಎದ್ದು ಕಂಡೀತೆಂಬ ಆಸೆಯಿಂದ, ಬೂಟಿನ ತುದಿಯ ಮೇಲೆ ಸೂಜಿಮೊನೆಯಷ್ಟು ನೀರು ಇಟ್ಟೆ. ಒಂದು ಕ್ಷಣ ಬಿಟ್ಟು ಬ್ಲಾಟಿಂಗ್ ಪೇಪರಿನ ತುಣುಕು ಒತ್ತಿದೆ. ತುಣುಕು ನೇರಳೆಯಾಯಿತು. ಮದ್ಯಸಾರದಲ್ಲೂ ಹಾಗೆಯೇ. ನೀರಿಗಿಳಿಸಿದರೆ ಇರುವುದೂ ಕರಗಿ ಹೋಗುತ್ತಿತ್ತು.

"ಆಗಲ್ಲ ಅಂತ ಬರೆದುಕೊಡು," ಎಂದಳು ಒಡತಿ, ಪೆಟ್ಟಿಗೆಗೆ ಕುಂಚಗಳನ್ನು ತುಂಬುತ್ತ. "ಆಗದ್ದನ್ನ ಆಗಲ್ಲ ಅನ್ನೋದೂ ನಮ್ಮ ಕೆಲಸವೇ."

ವರದಿ ಬರೆಯುವ ಮುಂಚೆ ಒಂದು ಪರೀಕ್ಷೆ ಬಾಕಿ ಇತ್ತು. ನೇರಳಾತೀತ ಕಿರಣದ ದೀಪ, ನಾವು ಯುವಿ ದೀಪ ಎನ್ನುತ್ತಿದ್ದುದು. ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಹಾಳೆಯನ್ನು ಇಟ್ಟು, ಬಾಗಿಲು ಹಾಕಿ, ದೀಪ ಹೊತ್ತಿಸಿದೆ. ಆ ದೀಪದಲ್ಲಿ ಕಾಗದ ನೀಲಿಬಿಳುಪಾಗಿ ಹೊಳೆಯುತ್ತದೆ. ಶಾಯಿ ಮಾಸಿ ಕಣ್ಣಿಗೆ ಕಾಣದಿದ್ದರೂ, ಅದು ಕೂತಿದ್ದ ಜಾಗ ಹೊಳೆಯುವುದಿಲ್ಲ. ನನ್ನ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಒಂದು ಮೊಣಕಾಲು. ಆಮೇಲೆ ಕಾಲುಚೀಲ ಹಿಂಡುವ ಎರಡು ಕೈ. ಬಾಗಿದ ಭುಜ, ಕಿವಿ, ಕಣ್ಣು. ಹೊಳೆಯುವ ಕಾಗದದ ಮೇಲೆ ಕಪ್ಪು ಗೆರೆಗಳಲ್ಲಿ ಇಪ್ಪತ್ತು ದಾಟದ ಹುಡುಗನೊಬ್ಬ ತನ್ನ ಪಾದಗಳನ್ನೇ ನೋಡುತ್ತ ಕೂತಿದ್ದ. ಚಿತ್ರದ ಮೇಲಿನ ಒಂದು ಭಾಗಕ್ಕೆ ಬಿಸಿಲು ನೇರ ಬಡಿದಿತ್ತೇನೋ, ಮೂಗಿನಿಂದ ಕೆಳಗೆ ಬಾಯಿ, ಗದ್ದ ಈ ದೀಪಕ್ಕೂ ಸಿಕ್ಕಲಿಲ್ಲ.

ಒಡತಿಯನ್ನು ಕೂಗಿದೆ. ಬಂದು ನೋಡಿದಳು. "ಆರಿಸು," ಎಂದಳು.

ಆರಿಸಿದೆ. ಏಕೆಂದರೆ ಆ ದೀಪವೂ ಬೆಳಕೇ, ಬಿಸಿಲಿನಲ್ಲಿ ಹಾಳೆಯನ್ನು ತಿಂದ ಕಿರಣವೇ ಅದರಲ್ಲೂ ಇರುವುದು. ಅದನ್ನು ಹೊತ್ತಿಸಿದಷ್ಟು ಹೊತ್ತೂ, ಉಳಿದಿರುವ ಬಣ್ಣದಲ್ಲಿ ಇನ್ನೊಂದಿಷ್ಟು ಹೋಗುತ್ತಿರುತ್ತದೆ.

ಹೀಗೆ ಕಂಡದ್ದನ್ನು ಫೋಟೋ ತೆಗೆದು ಕೊಟ್ಟರೆ ಆ ತಾಯಿಗೆ ಸಮಾಧಾನವಾದೀತು ಅಂದುಕೊಂಡೆ. ಬೆರ್ರಿಯೆಸಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯಲ್ಲಿದ್ದ ಧಾರವಾಡದಾಕೆ ಎಂಜಿನಿಯರ್. ಹಳೆಯ ಕಾಗದಪತ್ರಗಳನ್ನು ಕಂಪ್ಯೂಟರಿಗೆ ಇಳಿಸುವ ದೊಡ್ಡ ಕ್ಯಾಮೆರಾ ತಯಾರಿಸುವ ಕಂಪನಿಯೊಂದರಲ್ಲಿ, ಸ್ಯಾನ್ ಮಟಿಯೋದಲ್ಲೇ ಕೆಲಸಕ್ಕಿದ್ದಳು. ಅವಳನ್ನು ಕೇಳಿದೆ.

"ಬರ್ರಿ ಅಕ್ಕಾರ, ಶನಿವಾರ ಆಫೀಸಿನ್ಯಾಗ ಯಾರೂ ಇರಂಗಿಲ್ಲ," ಎಂದಳು. ಒಂದು ಗಳಿಗೆ ಬಿಟ್ಟು, "ಈಗೀಗ ಸೋಮವಾರಾನೂ ಯಾರೂ ಇರಂಗಿಲ್ಲ ಬಿಡ್ರಿ," ಎಂದು ಸೇರಿಸಿದಳು.

ನಿಜವೇ. ಕುರ್ಚಿಗಳು ಮೇಜಿನ ಮೇಲೆ ಬೋರಲಾಗಿದ್ದವು, ಈ ಕಂಪನಿಯಲ್ಲಿ ಆಗಲೇ ಅರ್ಧ ಜನರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿಯಾಗಿತ್ತು. ಅವಳು ಜತೆಗೆ ಕರೆತಂದಿದ್ದ ಮಗಳು ಮೂಲೆಯಲ್ಲಿ ಬಣ್ಣ ತುಂಬುತ್ತ ಕೂತಳು. ನಾನು ಹಾಳೆಯನ್ನು ಫೋಲ್ಡರಿನಿಂದ ತೆಗೆದಾಗ ಧಾರವಾಡದಾಕೆ ಬಗ್ಗಿ ನೋಡಿದಳು.

"ಇದ್ರಾಗ ಏನೂ ಇಲ್ಲಲ್ರೀ. ಖಾಲಿ ಹಾಳಿ ಇದು."

"ದೀಪ ಹಚ್ಚು, ಆಮೇಲೆ ಹೇಳು."

ಹಚ್ಚಿದಳು. "ಅಯ್ಯ ನಮ್ಮವ್ವಾ," ಎಂದವಳೇ ಕ್ಯಾಮೆರಾವನ್ನು ಹಾಳೆಯ ಮೇಲಕ್ಕೆ ಇಳಿಸಿದಳು. ಮಾಮೂಲಿ ಬೆಳಕಿನಲ್ಲಿ ಒಂದು ಫೋಟೋ, ಯುವಿ ಬೆಳಕಿನಲ್ಲಿ ಒಂದು. ಎರಡನೆಯದರಿಂದ ಮೊದಲನೆಯದನ್ನು ಕಂಪ್ಯೂಟರಿನಲ್ಲಿ ಕಳೆದಾಗ ಹಾಳೆಯ ಕಲೆಗಳೆಲ್ಲ ಹೋಗಿ ಗೆರೆಗಳಷ್ಟೇ ಉಳಿದವು. ದೀಪವನ್ನು ಆದಷ್ಟು ಕಡಿಮೆ ಹೊತ್ತು ಉರಿಸು ಎಂದು ನಾನು ಹಿಂದೆ ನಿಂತು ಕಾಡುತ್ತಿದ್ದೆ. ಮುದ್ರಣ ಯಂತ್ರದಿಂದ ಹೊರಬಂದ ಚಿತ್ರದಲ್ಲಿ ಹುಡುಗನ ಹೆಬ್ಬೆರಳಿನ ಉಗುರೂ ಸ್ಪಷ್ಟವಾಗಿತ್ತು. ಬಾಯಿಯ ಜಾಗ ಮಾತ್ರ ಖಾಲಿ.

"ಮಮ್ಮಿ, ವೇರ್ ಈಸ್ ಹಿಸ್ ಮೌತ್?" ಎಂದಳು ಮಗಳು.

"ಇತ್ತವ್ವಾ. ಮಾಸೇತಿ," ಎಂದು ತಾಯಿ ಅವಳ ತಲೆ ಸವರಿದಳು.

ದೀಪ ಉರಿದಷ್ಟೂ ಹಾಳೆ ಹಾಳಾಗುತ್ತದೆ ಎಂದು ವಿವರಿಸಿ ಆ ಪ್ರಿಂಟನ್ನು ಸೈನಿಕನ ತಂಗಿಗೆ ಕೊಟ್ಟಾಗ ಆಕೆ ಅದನ್ನು ಎದೆಗೊತ್ತಿಕೊಂಡರು. ಕೆಲವೇ ದಿನಗಳಲ್ಲಿ ವಾಪಸು ತಂದರು. ಮೂಲೆ ಮುದುರಿತ್ತು.

"ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡ್ತಾರೆ ಅಂದರು. ಇದು ಹೊಸ ಕಾಗದ, ನನ್ನ ಹಾಳೆ ತಂದುಕೊಡು ಅಂದರು. ಮೂರು ತಿಂಗಳಲ್ಲಿ ಅವರು ನನ್ನ ಹತ್ತಿರ ಆಡಿದ ಮಾತು ಅದೊಂದೇ." ಆಕೆ ಅಳಲಿಲ್ಲ. ಬಹಳ ದಣಿದಿದ್ದರು. "ನಾನು ಆ ಚಿತ್ರಕಾರನನ್ನ ಹುಡುಕಿದೀನಿ. ಬದುಕಿದಾರೆ. ಲಿವರ್‌ಮೋರಿನಲ್ಲಿದ್ದಾರೆ. ಆ ಹಾಳೆಯ ಮೇಲೆ, ಅವರದೇ ಗೆರೆಗಳ ಮೇಲೆ ಮತ್ತೆ ಬಿಡಿಸಿಕೊಡ್ತಾರಂತೆ. ಅಳಿಸದ ಶಾಯಿಯಲ್ಲಿ. ನೀವು ಹಾಳೆ ತಗೊಂಡು ಬರಬೇಕು."

ನಾನು ಒಡತಿಯ ಮುಖ ನೋಡಿದೆ. ನಮ್ಮ ವೃತ್ತಿಯಲ್ಲಿ ಮೂಲ ಗೆರೆಯ ಮೇಲೆ ಹೊಸ ಗೆರೆ ಎಳೆಯುವುದು ಕೂಡದು.

"ಅವರ ಚಿತ್ರ, ಅವರ ಕೈ, ಈಕೆಯ ಸೊತ್ತು," ಎಂದಳು ಒಡತಿ. "ತಡೆಯೋಕೆ ನಾವು ಯಾರು? ಹೋಗಿ ಬಾ."

ಆಕೆಯೇ ಕಾರು ಓಡಿಸಿದರು. ಹಾಳೆಯ ಫೋಲ್ಡರು ನನ್ನ ತೊಡೆಯ ಮೇಲಿತ್ತು. ಫ್ರೀವೇ ಬೆಟ್ಟ ದಾಟುತ್ತಿದ್ದಂತೆ ಕೊಲ್ಲಿಯ ತಂಪು ಗಾಳಿ ನಿಂತು ಒಣ ಶಾಖ ಒಳನುಗ್ಗಿತು. ಎರಡೂ ಕಡೆ ಒಣಗಿದ ಹುಲ್ಲಿನ ಗುಡ್ಡ, ಆಮೇಲೆ ದ್ರಾಕ್ಷಿ ತೋಟ. ದೂರದಲ್ಲಿ ದೇವಸ್ಥಾನದ ಬಿಳಿ ಗೋಪುರ ಕಂಡಾಗ ಆಕೆ, "ಅದು ನಿಮ್ಮದಾ?" ಎಂದರು. ನಾವು ಮೈಸೂರಿನ ಮುಸ್ಲಿಮರು, ನಮ್ಮ ಕೆಳಗಿನ ಮನೆಯವರು ಇಲ್ಲಿಗೆ ಬರುತ್ತಾರೆ ಎಂದೆ.

ಚಿತ್ರಕಾರ ಅರವತ್ತು ದಾಟಿದ ಎತ್ತರದ ಮನುಷ್ಯ. ಯುದ್ಧದ ನಂತರ ಯಂತ್ರಗಳ ನಕ್ಷೆ ಬಿಡಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಗ್ಯಾರೇಜಿನಲ್ಲಿ ಇಳಿಜಾರು ಮೇಜು, ಅಡಿಯಿಂದ ಬೆಳಕು ಬರುವ ಗಾಜಿನ ಹಲಗೆ. ಗೋಡೆಯ ಮೇಲೆ ಯುದ್ಧದ ಒಂದು ಚಿತ್ರವೂ ಇರಲಿಲ್ಲ.

"ನಾವು ಬಿಡಿಸಿದ್ದೆಲ್ಲ ಸೈನ್ಯಕ್ಕೆ ಸೇರಿದ್ದು," ಎಂದರು. "ಏನು ಬೇಕಾದರೂ ಬಿಡಿಸಿ ಅಂದಿದ್ದರು. ಕಾಳಗ ಯಾವಾಗಲೋ ಒಮ್ಮೆ. ಉಳಿದ ಹೊತ್ತೆಲ್ಲ ಕಾಯೋದೇ. ಗಡ್ಡ ಬೋಳಿಸೋದು, ನಿದ್ದೆ ಮಾಡೋದು, ಡಬ್ಬಿ ಊಟ ಬಿಸಿ ಮಾಡೋದು, ಕಾಲು ಒಣಗಿಸೋದು. ಅದನ್ನೇ ಬಿಡಿಸಿದೆ."

"ಸ್ಕೆಚ್ ಪೆನ್ ಯಾಕೆ?" ಎಂದೆ.

"ಜಲವರ್ಣ ಒಣಗ್ತಾನೇ ಇರಲಿಲ್ಲ ಅಲ್ಲಿ, ಅಷ್ಟು ತೇವ. ಪೆನ್ಸಿಲ್ ಬೆವರಿಗೆ ಮಸಿಯಾಗ್ತಿತ್ತು. ಈ ಪೆನ್ನು ಜೇಬಲ್ಲಿ ಹಿಡಿಸ್ತಿತ್ತು, ಎಲ್ಲ ಅಂಗಡೀಲೂ ಸಿಗ್ತಿತ್ತು. ಇಷ್ಟು ವರ್ಷ ಉಳೀಬೇಕು ಅಂತ ಯಾರು ಯೋಚಿಸಿದ್ದರು?"

ಫೋಲ್ಡರು ತೆರೆದು ಹಾಳೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಬೂಟಿನ ತುದಿಯ ನೇರಳೆ ಗೆರೆಯ ಹತ್ತಿರ ಬೆರಳು ತಂದು, ಮುಟ್ಟದೆ ಹಿಂದಕ್ಕೆ ಎಳೆದುಕೊಂಡರು.

ಮೊದಲು ಬೇರೆ ಹಾಳೆಯ ಮೇಲೆ ಮಾಡಿ ನೋಡೋಣ ಎಂದೆ. ಅವರು ಒಪ್ಪಿ, ಗಾಜಿನ ಹಲಗೆಯ ಮೇಲೆ ನಮ್ಮ ಪ್ರಿಂಟು ಹಾಸಿ, ಅದರ ಮೇಲೆ ತೆಳು ಕಾಗದ ಇಟ್ಟು ಕೆಳಗಿನಿಂದ ಬೆಳಕು ಹಾಕಿದರು. ಪಾದ, ಕಾಲುಚೀಲ, ಕೈ, ಭುಜ ಒಂದೊಂದಾಗಿ ಎದ್ದು ಬಂದವು. ತಂಗಿ ಮೇಜಿನ ಮೇಲೆ ಬಗ್ಗಿ ನೋಡುತ್ತಿದ್ದರು. ಕಣ್ಣು, ಮೂಗು ಮುಗಿದ ಮೇಲೆ ಪೆನ್ನು ನಿಂತಿತು.

"ಬಾಯಿ ಹೇಗಿತ್ತು?" ಎಂದು ಚಿತ್ರಕಾರ ಕೇಳಿದರು.

ತಂಗಿ ಅವರ ಮುಖ ನೋಡಿದರು. "ನಿಮಗೆ ಗೊತ್ತಿಲ್ವಾ?"

ಅವರು ಸಣ್ಣ ನಗುವೊಂದನ್ನು ಬರೆದರು. ತಂಗಿ ತಲೆಯಾಡಿಸಿದರು, ನಗುತ್ತಿರಲಿಲ್ಲ ಅನಿಸುತ್ತದೆ ಎಂದರು. ಚಿತ್ರಕಾರ ಇನ್ನೊಂದು ಕಾಗದದಲ್ಲಿ ಬಿಗಿದ ತುಟಿ ಬರೆದರು. ಅದೂ ಅಲ್ಲ. ತಂಗಿ ಕೈಚೀಲದಿಂದ ಅಣ್ಣನ ಶಾಲೆಯ ದಿನಗಳ ಫೋಟೋ ತೆಗೆದುಕೊಟ್ಟರು. ಚಿತ್ರಕಾರ ಅದನ್ನು ನೋಡಿ ಹಿಂದಿರುಗಿಸಿದರು. "ಇವನು ಫೋಟೋದವನ ಎದುರು ಕೂತಿದ್ದಾನೆ. ನನ್ನ ಎದುರು ಕೂತವನು ಇವನಲ್ಲ."

"ಪ್ರತಿದಿನ ನೋಡ್ತಿದ್ದೆ," ಎಂದರು ತಂಗಿ. "ಮೂವತ್ತು ವರ್ಷ ಆ ಗೋಡೆ ಮುಂದೆ ಓಡಾಡಿದೀನಿ. ನನಗೆ ನೆನಪಿಲ್ಲ. ನನಗೆ ನಿಜವಾಗಲೂ ನೆನಪಿಲ್ಲ." ಆಗ ಅತ್ತರು. ಆಮೇಲೆ ಮುಖ ಒರೆಸಿಕೊಂಡು, "ಪರವಾಗಿಲ್ಲ, ಯಾವುದಾದರೂ ಒಂದು ಬಾಯಿ ಬರೀರಿ. ಅಮ್ಮನಿಗೆ ಆ ಹಾಳೆ ಮೇಲೆ ಏನಾದರೂ ಕಂಡರೆ ಸಾಕು," ಎಂದರು.

ಚಿತ್ರಕಾರ ಅಳಿಸದ ಶಾಯಿಯ ಪೆನ್ನಿನ ಮುಚ್ಚಳ ತೆಗೆದು ಫೋಲ್ಡರಿನ ಕಡೆ ಕೈ ಚಾಚಿದರು. ನಾನು ಫೋಲ್ಡರಿನ ಮೇಲೆ ಅಂಗೈ ಇಟ್ಟೆ.

"ಇದರ ಮೇಲೆ ಬೇಡ."

"ಇದು ಯಾರದು?" ಎಂದು ತಂಗಿ ನನ್ನನ್ನು ಕೇಳಿದರು. ದನಿ ಗಡುಸಾಗಿತ್ತು.

"ನಿಮ್ಮದೇ. ಆದರೆ ಹೊಸ ಶಾಯಿ ಬಿದ್ದರೆ ಆಮೇಲೆ ಯಾವ ದೀಪಕ್ಕೂ ಹಳೆ ಗೆರೆ ಸಿಕ್ಕಲ್ಲ. ಈ ಬಾಯಿ ಸುಳ್ಳು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಿಮ್ಮ ತಾಯಿಗೆ ಗೊತ್ತಾಗಲ್ಲ ಅಂತೀರಾ?"

"ಹಾಗಾದರೆ ನಾನೇನು ಮಾಡಲಿ?"

ಅಲ್ಲಿಯವರೆಗೆ ನಾನು ಯೋಚಿಸಿರದ ಮಾತು ಬಾಯಿಗೆ ಬಂತು. "ನಾನೇ ದೀಪ ತಗೊಂಡು ನಿಮ್ಮ ಮನೆಗೆ ಬರ್ತೀನಿ. ಪ್ರಿಂಟು ಬೇಡ, ನಕಲು ಬೇಡ. ಈ ಹಾಳೆಯನ್ನೇ ಅವರ ಕೈಗೆ ಕೊಟ್ಟು, ಕತ್ತಲು ಮಾಡಿ, ದೀಪ ಹಚ್ಚೋಣ. ಅವರು ನಂಬದಿದ್ದರೆ ಮತ್ತೆ ಇಲ್ಲಿಗೆ ಬರೋಣ. ಇವರು ಬರೆಯುವಾಗ ಹಾಳೆ ನಾನೇ ಹಿಡಿದುಕೊಳ್ತೀನಿ."

"ದೀಪದಿಂದ ಹಾಳಾಗುತ್ತೆ ಅಂದಿದ್ರಿ."

"ಆಗುತ್ತೆ."

ಹೇಳುವಾಗ ನನಗೇ ಅಳುಕಾಯಿತು. ಉಳಿಸುವುದಕ್ಕೆಂದು ನನ್ನ ಕೈಗೆ ಬಂದ ವಸ್ತುವಿನಲ್ಲಿ ಉಳಿದಿರುವುದನ್ನೂ ಖರ್ಚುಮಾಡಲು ಹೊರಟಿದ್ದೆ. ಆದರೆ ಯಾರಿಗೂ ಕಾಣದ ಗೆರೆಯನ್ನು ಯಾರಿಗಾಗಿ ಕತ್ತಲಲ್ಲಿಡಬೇಕೆಂಬುದೂ ನನಗೆ ತಿಳಿಯಲಿಲ್ಲ. ಆ ಗೆರೆಗಳನ್ನು ನೋಡಬೇಕಾದವರು ಬದುಕಿದ್ದರು, ಅವರಿಗೆ ಎಂಬತ್ತು ದಾಟಿತ್ತು.

ಚಿತ್ರಕಾರ ಪೆನ್ನಿನ ಮುಚ್ಚಳ ಹಾಕಿದರು. ತಂಗಿ ಕಾರಿನ ಕಡೆ ಹೋದ ಮೇಲೆ ನನ್ನ ಜತೆ ಗೇಟಿನವರೆಗೆ ಬಂದರು.

"ನಿಜ ಹೇಳಬೇಕು ಅಂದರೆ ಆ ಹುಡುಗನ ನೆನಪು ನನಗೆ ಇಲ್ಲ," ಎಂದರು. "ಎಷ್ಟೊಂದು ಜನರನ್ನ ಬಿಡಿಸಿದೆ. ಪಾದಗಳ ನೆನಪಿದೆ. ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿದ ಪಾದಗಳು. ಎಲ್ಲರದೂ ಒಂದೇ ಥರ ಇರ್ತಿದ್ದವು. ಅವರ ತಾಯಿಗೆ ಇದನ್ನ ಹೇಳಬೇಡಿ."

ಸ್ಯಾನ್ ಮಟಿಯೋದ ಆ ಮನೆಗೆ ಹೋದದ್ದು ಒಂದು ಮಧ್ಯಾಹ್ನ. ತಾಯಿ ಮುಂಕೋಣೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಸಣ್ಣ ದೇಹ, ದಪ್ಪ ಕನ್ನಡಕ. ಗೋಡೆಯ ಮೇಲೆ ಚೌಕಟ್ಟು ಇದ್ದ ಜಾಗ ಅಚ್ಚ ಬಣ್ಣದಲ್ಲಿ ಉಳಿದಿತ್ತು, ಸುತ್ತಲಿನ ಗೋಡೆ ಬಿಸಿಲಿಗೆ ಬಿಳಿಚಿಕೊಂಡಿತ್ತು. ನನ್ನ ನಮಸ್ಕಾರಕ್ಕೆ ತಲೆಯಾಡಿಸಿದರು. ಮಗಳ ಕಡೆ ತಿರುಗಲಿಲ್ಲ.

ನಾನು ಹಾಳೆಯನ್ನು ಫೋಲ್ಡರಿನ ಸಮೇತ ಅವರ ತೊಡೆಯ ಮೇಲಿಟ್ಟೆ. "ಇದು ನಿಮ್ಮ ಹಾಳೆ. ಎರಡೂ ಬದಿ ನೋಡಿ."

ಅವರು ಮುಟ್ಟಿ ನೋಡಿದರು, ತಿರುವಿ ನೋಡಿದರು. ಕೆಳಗಿನ ಅಂಚಿನ ಬೂಟಿನ ತುದಿಯ ಮೇಲೆ ಕಣ್ಣು ನಿಂತಿತು. "ಇದು ಮೊದಲು ಕಾಣ್ತಿರಲಿಲ್ಲ."

"ಬೋರ್ಡಿನ ಅಡಿಯಲ್ಲಿ ಮುಚ್ಚಿಕೊಂಡಿತ್ತು."

ಮಗಳೂ ನಾನೂ ಸೇರಿ ಪರದೆ ಎಳೆದು, ಅದರ ಮೇಲೆ ಕಂಬಳಿ ಹಾಕಿ ಕ್ಲಿಪ್ಪು ಸಿಕ್ಕಿಸಿದೆವು. ಪೊರೆ ತೆಗೆಸಿದ ಕಣ್ಣಿಗೆ ಈ ದೀಪ ಒಳ್ಳೆಯದಲ್ಲ, ಹಾಗಾಗಿ ಕನ್ನಡಕದ ಮೇಲೆ ಹಾಕಿಕೊಳ್ಳುವ ಹಳದಿ ರಕ್ಷಾ ಕನ್ನಡಕ ಕೊಟ್ಟೆ. ಬಾಗಿಲ ಸಂದಿಗೂ ಬಟ್ಟೆ ತುರುಕಿದ ಮೇಲೆ ಕೋಣೆ ಕತ್ತಲಾಯಿತು. ಸ್ವಲ್ಪ ಹೊತ್ತು ಮಾತ್ರ ಹಚ್ಚುತ್ತೇನೆ ಎಂದು ಮೊದಲೇ ಹೇಳಿ ದೀಪ ಹೊತ್ತಿಸಿದೆ.

ಹಾಳೆ ಹೊಳೆಯಿತು. ಅವರ ಉಸಿರಾಟ ಕೇಳಿಸುತ್ತಿತ್ತು. ಮೊಣಕಾಲು, ಕೈ, ಭುಜ. ನನಗೆ ಮೊದಲ ಸಲ ಕಂಡ ಕ್ರಮದಲ್ಲೇ ಅವರ ಬೆರಳು ಹಾಳೆಯ ಮೇಲಿನಿಂದ, ತಾಗದಂತೆ, ಸರಿಯಿತು. ಕಣ್ಣಿನ ಹತ್ತಿರ ಬಂದು ನಿಂತಿತು.

"ಇವನೇ," ಎಂದರು.

ಕತ್ತಲಲ್ಲಿ ಮಗಳು ಕುರ್ಚಿಯ ಪಕ್ಕ ನೆಲದ ಮೇಲೆ ಕೂತದ್ದು ಸದ್ದಿನಿಂದ ಗೊತ್ತಾಯಿತು.

"ಅಂಚಿನಲ್ಲಿ ಮುಚ್ಚಿದ್ದು ಉಳಿದಿದೆ, ತೆರೆದಿದ್ದು ಹೋಗಿದೆ," ಎಂದರು ತಾಯಿ, ನಿಧಾನವಾಗಿ. "ಬಿಸಿಲಾ?"

ಮಗಳು ತಲೆ ತಗ್ಗಿಸಿಕೊಂಡೇ ಇದ್ದರು. ಹೇಳಬೇಡಿ ಎಂದು ಆಕೆ ಕೇಳಿಕೊಂಡದ್ದು ನೆನಪಿತ್ತು. ಆದರೆ ನೇರವಾಗಿ ಕೇಳಿದ ಪ್ರಶ್ನೆಗೆ, ಆ ಮುಖದ ಎದುರು, ನನಗೆ ಬೇರೆ ಉತ್ತರ ಸಿಕ್ಕಲಿಲ್ಲ.

"ಹೌದು."

ತಾಯಿಯ ಬೆರಳು ಚಾಚಿದ ಪಾದದ ಕಡೆ ಇಳಿಯಿತು. "ಅಲ್ಲಿ ವಾರಗಟ್ಟಲೆ ಮಳೆ ಅಂತ ಬರೆದಿದ್ದ. ಯಾವುದೂ ಒಣಗಲ್ಲ ಅಂತ. ಕಾಲು ಹುಣ್ಣಾಗಿದೆ ಅಂತ. ಈ ಚಿತ್ರ ಬಂದಾಗ ನೋಡಿದೆ, ಬಿಸಿಲಿಗೆ ಕಾಲು ಚಾಚಿದ್ದ. ಅದಕ್ಕೇ ನಾನು ಪರದೆ ಎಳೀತಿರಲಿಲ್ಲ."

ಬೆರಳು ಮತ್ತೆ ಮುಖದ ಕಡೆ ಬಂತು.

"ಇಲ್ಲಿ ಏನೂ ಕಾಣ್ತಿಲ್ಲ," ಎಂದರು ಮತ್ತೆ, ಬಾಯಿಯ ಜಾಗ ತೋರಿಸಿ.

"ಅದು ಪೂರ್ತಿ ಹೋಗಿದೆ. ಸಿಕ್ಕಲಿಲ್ಲ."

"ಶಿಳ್ಳೆ ಹಾಕ್ತಿದ್ದ," ಎಂದರು. "ತುಟಿ ಹೀಗೆ ಮುಂದೆ ಮಾಡಿಕೊಂಡು. ಅವನಿಗೆ ಸರಿಯಾಗಿ ಬರ್ತಿರಲಿಲ್ಲ, ಬರೀ ಗಾಳಿ ಬರ್ತಿತ್ತು. ಆದರೂ ಏನಾದರೂ ಕೆಲಸ ಮಾಡುವಾಗೆಲ್ಲ ಹಾಕ್ತಿದ್ದ."

"ಹೌದಮ್ಮ," ಎಂದರು ಮಗಳು. "ಹೌದು. ಹಾಕ್ತಿದ್ದ."

ನಾನು ಅಂದುಕೊಂಡಿದ್ದ ಹೊತ್ತು ಎಂದೋ ಮೀರಿತ್ತು. ಈ ದೀಪದ ಕೆಳಗೆ ಏನಾಗುತ್ತಿದೆ ಎಂದು ಆ ಕೋಣೆಯಲ್ಲಿ ಸರಿಯಾಗಿ ತಿಳಿದವಳು ನಾನೊಬ್ಬಳೇ. ಬೆರಳು ಸ್ವಿಚ್ಚಿನ ಮೇಲಿತ್ತು. "ಉರಿದಷ್ಟೂ ಇನ್ನೊಂದಿಷ್ಟು ಹೋಗುತ್ತೆ," ಎಂದೆ. "ಆರಿಸಲಾ?"

ತಾಯಿ ಎಡಗೈಯಿಂದ ಕತ್ತಲಲ್ಲಿ ತಡವಿ ಮಗಳ ತೋಳು ಹಿಡಿದು ಹಾಳೆಯ ಹತ್ತಿರಕ್ಕೆ ಎಳೆದುಕೊಂಡರು.

"ಬಾ, ನೀನೂ ನೋಡು," ಎಂದರು. "ಪೂರ್ತಿ ಹೋಗೋದರೊಳಗೆ ಸರಿಯಾಗಿ ನೋಡಿಕೋ."

ನಾನು ಸ್ವಿಚ್ಚಿನ ಮೇಲಿಂದ ಕೈ ತೆಗೆದೆ.